ಕೊಟ್ಟ ಪೆಟ್ಟಿಗೆಗಳನ್ನು ಕಡ ತಂದದ್ದು

ಕೆಳಗಿನ ಅಂಗಡಿಯಲ್ಲಿ ಖಾನೆಗಳನ್ನು ಎಳೆಯುವ, ಮುಚ್ಚುವ ಸದ್ದು ಮತ್ತೆ ಕೇಳಿಸುತ್ತಿದೆ. ಮದುವೆಯಾಗಿ ಈ ಮನೆಗೆ ಬಂದ ಹೊಸತರಲ್ಲಿ ಆ ಸದ್ದಿಗೆ ನನ್ನ ಬೆಳಗಿನ ನಿದ್ದೆ ಹಾಳಾಗುತ್ತಿತ್ತು. ಈಗ ಅದೇ ಸದ್ದಿಗೆ ನಮ್ಮ ಪುಟ್ಟಿ ನಿದ್ದೆ ಹೋಗುತ್ತಾಳೆ. ಈಚೆಗೆ ಒಂದು ವಾರವಿಡೀ ಆ ಸದ್ದು ಇರಲಿಲ್ಲ. ಮಗುವೂ ಸರಿಯಾಗಿ ಮಲಗಲಿಲ್ಲ, ನಾವೂ ಮಲಗಲಿಲ್ಲ. ಈಗ ಮಲಗಿದ್ದಾಳೆ. ಏಳುವುದರೊಳಗೆ ಅತ್ತೆಯ ವಿಷಯ ಬರೆದಿಡಬೇಕು. ಈ ಡೈರಿಯಲ್ಲಿ ಇಷ್ಟು ದಿನ ಬರೀ ಮಗುವಿನ ಹಲ್ಲು, ಮಗುವಿನ ಜ್ವರ, ಯಾವ ಪುಡಿಗೆ ಮೈಮೇಲೆ ಗಂಧೆ ಎದ್ದಿತು ಅನ್ನುವುದೇ ತುಂಬಿದೆ. ದೊಡ್ಡವಳಾಗಿ ಅವಳು ಇದನ್ನು ಓದಿದರೆ, ತನ್ನ ಅಜ್ಜಿ ಎಂಥವಳು ಅನ್ನುವುದೂ ಒಂದಿಷ್ಟು ಇರಲಿ.

ನಮ್ಮ ಅತ್ತೆ ಸಿಗಾರ್ ಮಾರುತ್ತಾರೆ. ಕೇಳಿದವರು ಒಂದು ಸಲ ಹುಬ್ಬು ಮೇಲೇರಿಸುತ್ತಾರೆ. ನಮ್ಮಮ್ಮನೂ ಸಂಬಂಧ ನೋಡುವಾಗ ಏರಿಸಿದ್ದಳು. "ಹೊಗೆ ಮಾರೋ ಮನೇಗೆ ಹೆಣ್ಣು ಕೊಡೋದಾ?" ಎಂದು. ಬಂದು ನೋಡಿದರೆ ಇಡೀ ಬೀದಿಯಲ್ಲಿ ಹೊಗೆಯೇ ಆಡದ ಮನೆ ಇದೊಂದೇ. ಅಂಗಡಿಯೊಳಗೆ ಯಾರೂ ಬೆಂಕಿ ಹಚ್ಚುವಂತಿಲ್ಲ. ಅತ್ತೆ ಜೀವಮಾನದಲ್ಲಿ ಒಂದು ದಮ್ಮೂ ಎಳೆದವರಲ್ಲ. ಯಾರಾದರೂ, "ಅಮ್ಮ, ಇದ್ರಲ್ಲಿ ಆರೋಗ್ಯಕ್ಕೆ ಒಳ್ಳೇದು ಯಾವುದು?" ಎಂದು ಕೇಳಿದರೆ, "ಕೊಳ್ಳದೆ ಹೋಗೋದು" ಎನ್ನುತ್ತಾರೆ. ಆಮೇಲೆ ಅವರಿಗೆ ಬೇಕಾದ್ದನ್ನು ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಮೀಸೆ ಸರಿಯಾಗಿ ಮೂಡದವರು ಬಂದರೆ ವಯಸ್ಸಿನ ಕಾರ್ಡು ಕೇಳುತ್ತಾರೆ. ಕಾರ್ಡು ಮನೆಯಲ್ಲಿ ಬಿಟ್ಟು ಬಂದೆ ಎಂದರೆ, "ಸರಿ, ಅದನ್ನ ಅಪ್ಪನ ಕೈಲಿ ಕೊಟ್ಟು ಕಳಿಸು" ಅನ್ನುತ್ತಾರೆ. ಅಂಥವರು ಮತ್ತೆ ಬರುವುದಿಲ್ಲ.

ಕ್ಷೌರದಂಗಡಿಗೂ ಹೊಲಿಗೆಯಂಗಡಿಗೂ ನಡುವೆ ಸಿಕ್ಕಿಕೊಂಡಂತಿರುವ ಕಿರಿದಾದ ಅಂಗಡಿ ನಮ್ಮದು. ಒಳಗೆ ಒಂದು ಕಟ್ಟೆ, ಎರಡು ಎತ್ತರದ ಸ್ಟೂಲು, ಗೋಡೆಯುದ್ದಕ್ಕೂ ದೇವದಾರು ಮರದ ದೊಡ್ಡ ಬೀರು. ಬೀರುವಿನ ತುಂಬ ಸಣ್ಣ ಸಣ್ಣ ಖಾನೆಗಳು; ತಳದಲ್ಲಿ ಒಂದು ನೀರಿನ ಬಟ್ಟಲು. ಸಿಗಾರಿಗೆ ಸ್ವಲ್ಪ ತೇವ ಬೇಕು, ಹೆಚ್ಚು ಬೇಡ. "ಒಣಗಿದ್ರೆ ಪುಡಿ, ನೆನೆದ್ರೆ ಬೂಷ್ಟು" ಎನ್ನುವುದು ಅತ್ತೆಯ ಮಾತು. ಮಗುವಿನ ಕೋಣೆಯ ವಿಷಯದಲ್ಲೂ ಅವರು ಅದನ್ನೇ ಹೇಳುತ್ತಾರೆ, ಮಗುವಿಗೆ ಸ್ನಾನ ಮಾಡಿಸುವಾಗಲೂ ಅದನ್ನೇ.

ಈ ಅಂಗಡಿ ಅವರ ಅಪ್ಪನದು. ಅಪ್ಪ ಹೋದಾಗ ಅತ್ತೆ ಇನ್ನೂ ಹುಡುಗಿ. ಹಡಗುಗಳ ಬಂದರು ಇಲ್ಲಿಗೆ ಹತ್ತಿರ. ಹಡಗಿನಿಂದ ಇಳಿದ ಖಲಾಸಿಗಳು ಕೋಟಿನೊಳಗೆ ಸಿಗಾರಿನ ಪೆಟ್ಟಿಗೆ ಅವಿತಿಟ್ಟುಕೊಂಡು ಬಂದು ಅರ್ಧ ಬೆಲೆಗೆ ಮಾರುತ್ತಿದ್ದ ಕಾಲ. ಸುಂಕ ಕಟ್ಟದ ಮಾಲು. ಬೀದಿಯ ಎಷ್ಟೋ ಅಂಗಡಿಗಳು ಅದನ್ನೇ ಕೊಂಡು ಮಾರಿ ಮಹಡಿ ಕಟ್ಟಿಸಿದವು. ಅತ್ತೆ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಸುಂಕ ಕಟ್ಟಿದ್ದೀರಾ?" ಇಲ್ಲ ಎಂದರೆ ಬಾಗಿಲ ಕಡೆ ಬೆರಳು.

ಹಾಗೆ ಬೆರಳು ತೋರಿಸಿಕೊಂಡವರಲ್ಲಿ ಒಬ್ಬರು ನಮ್ಮ ಮಾವ. ಪ್ರತಿ ಸಲ ಹಡಗು ಬಂದಾಗಲೂ ಅದೇ ಪೆಟ್ಟಿಗೆ ಹಿಡಿದು ಬರುತ್ತಿದ್ದರಂತೆ. ಕೊನೆಗೊಂದು ದಿನ ಪೆಟ್ಟಿಗೆಯನ್ನು ಕಟ್ಟೆಯ ಮೇಲಿಟ್ಟು, "ಇದನ್ನ ತಗೊಳ್ಳೋದಿಲ್ಲ, ಗೊತ್ತು. ನನ್ನನ್ನಾದ್ರೂ ತಗೊಳ್ತೀಯಾ?" ಎಂದು ಕೇಳಿದರಂತೆ. ಅತ್ತೆ ತಲೆಯೆತ್ತದೆ, "ಮೊದ್ಲು ಇದಕ್ಕೆ ಸುಂಕ ಕಟ್ಟಿ ಬನ್ನಿ. ಆಮೇಲೆ ಮಾತು" ಎಂದರಂತೆ. ಮಾವ ನೇರ ಕಸ್ಟಮ್ಸ್ ಕಚೇರಿಗೆ ಹೋದರು. ಅಲ್ಲಿನ ಗುಮಾಸ್ತರು ಬಿದ್ದು ಬಿದ್ದು ನಕ್ಕರು. ಹಿಡಿಯದೆ ತಾನಾಗಿ ಬಂದು ಸುಂಕ ಕಟ್ಟಿದ ಖಲಾಸಿಯನ್ನು ಅವರು ಅಲ್ಲಿವರೆಗೆ ನೋಡಿರಲೇ ಇಲ್ಲ. ಬೇರೆಯವರ ಮನೆಯಲ್ಲಿ ಮದುವೆಯ ಫೋಟೋ ತೂಗುಹಾಕಿರುತ್ತಾರಲ್ಲ, ನಮ್ಮ ಅಂಗಡಿಯಲ್ಲಿ ಆ ಜಾಗದಲ್ಲಿ ಚೌಕಟ್ಟು ಹಾಕಿದ ಆ ರಸೀದಿ ಇದೆ.

ಇನ್ನು ಪೆಟ್ಟಿಗೆಗಳ ಸಂಗತಿ. ಸಿಗಾರ್ ಬರುವುದು ಮರದ ಪೆಟ್ಟಿಗೆಗಳಲ್ಲಿ. ತೆಳು ಹಲಗೆ, ಪುಟ್ಟ ಹಿತ್ತಾಳೆಯ ಕೊಂಡಿ, ಒಳಗೆ ಕಾಡಿನಂಥ ವಾಸನೆ. ಬೇರೆ ಅಂಗಡಿಯವರು ಪೆಟ್ಟಿಗೆಯಲ್ಲೇ ಇಟ್ಟು ಮಾರುತ್ತಾರೆ. ಅತ್ತೆಗೆ ಅದು ಒಗ್ಗುವುದಿಲ್ಲ. ಸಮುದ್ರ ದಾಟಿ ಬಂದ ಮಾಲು ಇಕ್ಕಟ್ಟಿನಲ್ಲಿ ಉಸಿರು ಕಟ್ಟಿಕೊಂಡಿರುತ್ತದೆ, ಮೊದಲು ಕಾಲು ಚಾಚಿ ಮಲಗಲಿ ಎನ್ನುವುದು ಅವರ ಅಪ್ಪನಿಂದ ಬಂದ ಪದ್ಧತಿ. ಮಾಲು ಬಂದ ದಿನವೇ ಬಿಚ್ಚಿ, ಒಂದೊಂದನ್ನೂ ಬೆರಳಿನಿಂದ ಒತ್ತಿ ನೋಡಿ, ಜಾತಿಗೊಂದು ಖಾನೆಯಂತೆ ಬೀರುವಿನಲ್ಲಿ ಮಲಗಿಸುತ್ತಾರೆ. ಖಾಲಿಯಾದ ಪೆಟ್ಟಿಗೆ ಅಂದೇ ಸಂಜೆ ಯಾರ ಕೈಗಾದರೂ ಸೇರಬೇಕು. ಮನೆಯಲ್ಲಿ ಖಾಲಿ ಪೆಟ್ಟಿಗೆ ಇಟ್ಟುಕೊಂಡರೆ ಅದರಲ್ಲಿ ಕಸ ತಾನಾಗಿ ಹುಟ್ಟುತ್ತದೆ ಅನ್ನುತ್ತಾರೆ. ಹಾಗೆ ಅತ್ತೆಯ ಪೆಟ್ಟಿಗೆ ಹೊಕ್ಕಿರದ ಮನೆ ಈ ಬೀದಿಯಲ್ಲಿ ಇಲ್ಲ. ಕ್ಷೌರಿಕನ ಕತ್ತಿಗಳು, ಹೊಲಿಗೆಯಾಕೆಯ ಗುಂಡಿಗಳು, ಶಾಲೆಯ ಮೇಡಂನ ಸೀಮೆಸುಣ್ಣ, ಎದುರು ಮನೆಯ ಅಜ್ಜಿಯ ಮಾತ್ರೆಗಳು, ನಮ್ಮ ಪುಟ್ಟಿಯ ಕಾಲುಚೀಲಗಳು, ಎಲ್ಲದರ ಮನೆಯೂ ಒಂದೊಂದು ಸಿಗಾರ್ ಪೆಟ್ಟಿಗೆಯೇ. ಅತ್ತೆಯ ನಿಜವಾದ ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಊರಿಗೆಲ್ಲ ಅವರು ಪೆಟ್ಟಿಗೆಯಮ್ಮ.

ಹತ್ತು ಹನ್ನೆರಡು ದಿನಗಳ ಹಿಂದೆ ಒಂದು ಮಧ್ಯಾಹ್ನ ಸುಂಕದ ಕಚೇರಿಯ ಮೇಡಂ ಬಂದರು. ಲೈಸೆನ್ಸು ಹೊಸದು ಮಾಡಿಕೊಡುವ ಮುಂಚೆ ಒಮ್ಮೆ ಬಂದು ನೋಡಿಹೋಗುವುದು ರೂಢಿ. ಹಿಂದಿನ ಅಧಿಕಾರಿ ಕಟ್ಟೆಯ ಮೇಲೇ ಸಹಿ ಹಾಕಿ, ಚಹಾ ಕುಡಿದು ಹೋಗುತ್ತಿದ್ದರು. ಇವರು ಹೊಸಬರು, ನನಗಿಂತ ಸ್ವಲ್ಪ ದೊಡ್ಡವರಿರಬಹುದು. ನೆಗಡಿಯಾಗಿತ್ತು, ಮೂಗು ಒರೆಸಿಕೊಳ್ಳುತ್ತಲೇ ಒಳಗೆ ಬಂದರು. ನಾನು ಮಗುವನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಆಡಿಸುತ್ತಿದ್ದೆ. ಅತ್ತೆ ಖುಷಿಯಿಂದಲೇ ಬಿಲ್ಲುಗಳನ್ನು ತೆಗೆದು ಮುಂದಿಟ್ಟರು. ಸಗಟು ವ್ಯಾಪಾರಿ ಯಾರು, ಯಾವ ಹಡಗಿನಲ್ಲಿ ಬಂತು, ಎಲ್ಲವೂ ಕನ್ನಡಿಯಂತೆ ಸ್ಪಷ್ಟ.

ಮೇಡಂ ಬೀರು ತೆಗೆದರು. ಒಂದು ಖಾನೆ ಎಳೆದರು, ಇನ್ನೊಂದು ಎಳೆದರು.

"ಅಮ್ಮ, ಪೆಟ್ಟಿಗೆಗಳೆಲ್ಲಿ?"

"ಪೆಟ್ಟಿಗೆನಾ? ಕೊಟ್ಟುಬಿಟ್ಟೆ."

"ಕೊಟ್ರಾ? ಯಾರಿಗೆ?"

"ಕೇಳಿದೋರಿಗೆ" ಎಂದರು ಅತ್ತೆ. "ಇನ್ನೊಂದು ಬಂದ್ರೆ ನಿಮಗೂ ತೆಗೆದಿಡ್ತೀನಿ. ಔಷಧಿ ಇಟ್ಕೊಳ್ಳೋಕೆ ಚೆನ್ನಾಗಿರುತ್ತೆ."

ಮೇಡಂ ನಗಲಿಲ್ಲ. ಸ್ಟೂಲು ಎಳೆದುಕೊಂಡು ಕೂತರು. ಕೂತ ರೀತಿ ನೋಡಿ ನಾನು ಮಗುವನ್ನು ಎತ್ತಿಕೊಂಡೆ.

"ಬಿಲ್ ಇದೆ, ಒಪ್ತೀನಿ. ನೀವು ಮಾಲು ಕೊಂಡಿದ್ದು ನಿಜ ಅಂತ ಬಿಲ್ ಹೇಳುತ್ತೆ. ಆದ್ರೆ ಈ ಖಾನೇಲಿ ಮಲಗಿರೋದು ಅದೇ ಮಾಲು ಅಂತ ಯಾರು ಹೇಳ್ಬೇಕು? ಅದನ್ನ ಮಾರಿ, ಕದ್ದು ತಂದಿದ್ದನ್ನ ಇಲ್ಲಿ ಮಲಗಿಸಿದ್ರೆ? ಅದಕ್ಕೇ ಪ್ರತಿ ಪೆಟ್ಟಿಗೆ ಮೇಲೂ ಸುಂಕದ ಚೀಟಿ ಅಂಟಿಸ್ತಾರೆ, ನಂಬರ್ ಇರುತ್ತೆ. ಹೊಸ ಕಾನೂನು ಬಂದ್ಮೇಲೆ, ಕೊನೇ ಸಿಗಾರ್ ಮಾರೋ ತನಕ ಆ ಪೆಟ್ಟಿಗೆ ಅಂಗಡೀಲೇ ಇರ್ಬೇಕು ಅಮ್ಮ."

ಅತ್ತೆಗೆ ಹೊಸ ಕಾನೂನು ಗೊತ್ತಿಲ್ಲದೆ ಇರಲಿಲ್ಲ. ಗೊತ್ತಿದ್ದದ್ದು ಅದರ ಅರ್ಧ. ಮಾಲು ಬಂದ ಕೂಡಲೇ ಚೀಟಿ ಇದೆಯೇ, ಎಚ್ಚರಿಕೆಯ ಚಿತ್ರ ಇದೆಯೇ, ಮೂಲೆ ಹರಿದಿಲ್ಲವೇ ಎಂದು ಕನ್ನಡಕ ಹಾಕಿಕೊಂಡು ನೋಡುತ್ತಿದ್ದರು. ಹರಿದಿದ್ದರೆ ವಾಪಸ್ ಕಳಿಸುತ್ತಿದ್ದರು. ಹೀಗೆ ಕಣ್ಣಲ್ಲಿ ಕಣ್ಣಿಟ್ಟು ಚೀಟಿ ನೋಡಿ, ಅದರ ನಡುವೆ ಚಾಕು ಆಡಿಸಿ ಮುಚ್ಚಳ ತೆಗೆದು, ಅದೇ ಸಂಜೆ ಚೀಟಿಯ ಸಮೇತ ಪೆಟ್ಟಿಗೆಯನ್ನು ದಾನ ಮಾಡಿಬಿಡುತ್ತಿದ್ದರು!

"ಹಾಗಾದ್ರೆ ಈಗೇನು?" ಎಂದು ಅಷ್ಟು ಹೊತ್ತು ಮೂಲೆಯಲ್ಲಿ ನಿಂತಿದ್ದ ಮಾವ ಕೇಳಿದರು.

"ಚೀಟಿ ಇಲ್ಲದ ಮಾಲು ಕಾನೂನಿನ ಕಣ್ಣಲ್ಲಿ ಕಳ್ಳಮಾಲು. ಮಾಲೂ ಹೋಗುತ್ತೆ, ಲೈಸೆನ್ಸೂ ಹೋಗುತ್ತೆ." ಮೇಡಂ ಅತ್ತೆಯ ಮುಖ ನೋಡಿ ದನಿ ತಗ್ಗಿಸಿದರು. "ನನಗೆ ನಿಮ್ಮ ಮೇಲೆ ಅನುಮಾನ ಇಲ್ಲ ಅಮ್ಮ. ಆದ್ರೆ ಮಾತಾಡ್ಬೇಕಾದ್ದು ಚೀಟಿ, ನಾನಲ್ಲ. ಒಂದು ವಾರ ಟೈಮ್ ಕೊಡ್ತೀನಿ. ಪ್ರತಿ ಖಾನೆಗೂ ಅದರ ಪೆಟ್ಟಿಗೆ ತೋರಿಸಿ. ಅಲ್ಲಿ ತನಕ ಬೀರುಗೆ ಸೀಲ್ ಹಾಕ್ತೀನಿ."

ಅತ್ತೆ ವಾದ ಮಾಡಲಿಲ್ಲ. ಅಳಲಿಲ್ಲ. ಮೇಡಂ ಅಂಟುಪಟ್ಟಿ ತೆಗೆಯುವಾಗ ಒಂದೇ ಮಾತು ಕೇಳಿದರು. "ಒಂದ್ನಿಮಿಷ ತಾಯಿ, ನೀರಿನ ಬಟ್ಟಲು ತುಂಬಿಸಿಬಿಡ್ತೀನಿ. ಒಂದು ವಾರ ಅಂದ್ರೆ ಒಣಗಿಹೋಗ್ತವೆ." ಮೇಡಂ ಕಾದರು. ಅತ್ತೆ ಬಟ್ಟಲನ್ನು ಅಂಚಿನವರೆಗೆ ತುಂಬಿಸಿದರು. ಅಂಚು ಮೀರಿ ಒಂದಿಷ್ಟು ನೀರು ಸೀರೆಯ ಮೇಲೆ ಚೆಲ್ಲಿತು.

ಮಾರನೆಯ ದಿನ ಅಂಗಡಿ ತೆರೆಯುವುದು ಬೇಡ ಎಂದು ಇವರು ಹೇಳಿ ನೋಡಿದರು. ಇವರೆಂದರೆ ನನ್ನ ಗಂಡ, ಮುದ್ರಣಾಲಯದಲ್ಲಿ ಕೆಲಸ. ಅತ್ತೆ ಕೇಳಲಿಲ್ಲ. "ಮುಚ್ಚಿದ್ರೆ ಒಪ್ಕೊಂಡ ಹಾಗೆ" ಎಂದು ಬಾಗಿಲು ತೆಗೆದು, ಸೀಲು ಬಿದ್ದ ಬೀರುವಿಗೆ ಬೆನ್ನು ಮಾಡಿ ಕೂತರು. ಮಾರಲು ಉಳಿದಿದ್ದದ್ದು ಬೆಂಕಿಪೊಟ್ಟಣ ಮತ್ತು ಪತ್ರಿಕೆ. ಬಂದ ಗಿರಾಕಿಗಳಿಗೆಲ್ಲ ತಾವೇ ಹೇಳಿದರು, "ಇಲ್ಲ. ಸೀಲ್ ಆಗಿದೆ. ಕಳ್ಳಮಾಲಿನ ಅನುಮಾನ." ಬೇರೆಯವರ ಬಾಯಿಂದ ಬರುವ ಮುಂಚೆ ತಮ್ಮ ಬಾಯಿಂದಲೇ ಬರಲಿ ಎಂದಿರಬೇಕು. ರಾತ್ರಿಯ ಊಟಕ್ಕೆ ತಟ್ಟೆಯ ಮುಂದೆ ಕೂರುತ್ತಿದ್ದರು, ಬೆರಳಾಡಿಸಿ ಏಳುತ್ತಿದ್ದರು. ಅವರು ಊಟ ಬಿಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಹೆರಿಗೆಯ ದಿನ ಆಸ್ಪತ್ರೆಯ ಬೆಂಚಿನ ಮೇಲೂ ಡಬ್ಬಿ ಬಿಚ್ಚಿ ಉಂಡವರು ಅವರು. "ನಾನು ಉಪವಾಸ ಕೂತ್ರೆ ಮಗು ಬೇಗ ಬರುತ್ತಾ?" ಎಂದಿದ್ದರು.

"ಅತ್ತೆ, ಪೆಟ್ಟಿಗೆಗಳೆಲ್ಲ ಇದೇ ಬೀದೀಲಿವೆ. ಕೇಳಿ ತಂದ್ರಾಯ್ತಲ್ಲ?" ಎಂದೆ.

"ಕೊಟ್ಟಿದ್ದನ್ನ ವಾಪಸ್ ಕೇಳೋದಾ?" ಅತ್ತೆ ನನ್ನನ್ನು ನೋಡಿದ ನೋಟಕ್ಕೆ ಮಗುವೂ ಸುಮ್ಮನಾಯಿತು. "ಅಂಗಡಿ ಹೋದ್ರೆ ಹೋಗ್ಲಿ ಕಣಮ್ಮ. ಕೊಟ್ಟು ಕಿತ್ಕೊಂಡೋಳು ಅಂತ ಅನ್ನಿಸ್ಕೊಳ್ಳಲ್ಲ."

ಮಗುವಿಗೆ ಹಾಲುಣಿಸುತ್ತ ಅದನ್ನೇ ಯೋಚಿಸಿದೆ. ಅವರ ಮಾತನ್ನು ಮೀರುವುದು ನನ್ನಿಂದಾಗದು. ಮೀರದಿದ್ದರೆ ಅಂಗಡಿ ಉಳಿಯದು. ಮಗು ಒಂದು ಪಕ್ಕ ಮುಗಿಸಿ ಇನ್ನೊಂದು ಪಕ್ಕಕ್ಕೆ ಬರುವಷ್ಟರಲ್ಲಿ ದಾರಿ ಹೊಳೆಯಿತು.

"ಅತ್ತೆ, ವಾಪಸ್ ಕೇಳೋದು ಬೇಡ. ಕಡ ಕೇಳ್ತೀನಿ. ಬೇಕಾದಾಗ ಪಕ್ಕದ ಮನೇಲಿ ಸಕ್ಕರೆ ಕಡ ತರೋದಿಲ್ವಾ? ಹಾಗೆ. ಪೆಟ್ಟಿಗೆ ಅವರದ್ದೇ."

ಅತ್ತೆ ಮಗುವಿನ ಜಾರಿದ ಹೊದಿಕೆ ಸರಿಮಾಡಿದರು. ಆಮೇಲೆ, "ಕಡ ತಂದಿದ್ದನ್ನ ಹಿಂದಿರುಗಿಸ್ಬೇಕು, ನೆನಪಿರ್ಲಿ" ಎಂದರು. ಅಷ್ಟು ಸಾಕಾಯಿತು.

ಮಗುವನ್ನು ಕಂಕುಳಲ್ಲಿ ಇರಿಸಿಕೊಂಡು ಹೊರಟೆ. ಮೊದಲು ಪಕ್ಕದ ಕ್ಷೌರಿಕ. ಅರ್ಧ ಮುಖಕ್ಕೆ ನೊರೆ ಬಳಿಸಿಕೊಂಡ ಗಿರಾಕಿಯೊಬ್ಬ ಕುರ್ಚಿಯಲ್ಲಿದ್ದ. ವಿಷಯ ಹೇಳುವುದರೊಳಗೆ ಕ್ಷೌರಿಕ ಕತ್ತಿಗಳನ್ನೆಲ್ಲ ಮೇಜಿನ ಮೇಲೆ ಸುರಿದು ಪೆಟ್ಟಿಗೆ ಒರೆಸತೊಡಗಿದ.

"ಪೆಟ್ಟಿಗೆಯಮ್ಮಂಗೆ ಕಡ ಅಂತೆ! ತಗೊಂಡೋಗು ತಾಯಿ. ಬೇಕಾದ್ರೆ ಕುರ್ಚೀನೂ ಒಯ್ಯಿ."

"ನಾನು ಎದ್ದ ಮೇಲೆ ಕೊಡಪ್ಪಾ" ಎಂದಿತು ನೊರೆಯೊಳಗಿನ ಬಾಯಿ.

ಹೊಲಿಗೆಯಾಕೆ ತನ್ನ ಗುಂಡಿ ಪೆಟ್ಟಿಗೆಗೆ ಹೂವಿನ ಬಟ್ಟೆ ಅಂಟಿಸಿಬಿಟ್ಟಿದ್ದಳು. "ಅಯ್ಯೋ, ಒಳಗೆ ಚೀಟಿ ಇದ್ಯೋ ಇಲ್ವೋ!" ಎಂದು ಬಾಯಿಯಲ್ಲಿ ಸೂಜಿ ಕಚ್ಚಿಕೊಂಡೇ ಬಟ್ಟೆಯನ್ನು ಬಿಡಿಸಿದಳು. ಚೀಟಿ ಇತ್ತು, ಅಂಟು ಕುಡಿದು ಸ್ವಲ್ಪ ಹಳದಿಯಾಗಿತ್ತು, ನಂಬರು ಮಾತ್ರ ನಿಚ್ಚಳ. ಶಾಲೆಯ ಮೇಡಂ ಎಚ್ಚರಿಕೆಯ ಚಿತ್ರದ ಮೇಲೆ ಬಣ್ಣದ ಕಾಗದದ ನಕ್ಷತ್ರ ಅಂಟಿಸಿದ್ದರು. "ಆ ಕರೀ ಶ್ವಾಸಕೋಶ ನೋಡಿ ಮಕ್ಕಳು ಸೀಮೆಸುಣ್ಣ ಮುಟ್ತಾನೇ ಇರ್ಲಿಲ್ಲ ಕಣ್ರೀ" ಎಂದರು.

ಮಾತು ಬೀದಿಗೆ ಬಿದ್ದ ಮೇಲೆ ನಾನು ಹೋಗಬೇಕಾಗಿ ಬರಲಿಲ್ಲ, ಪೆಟ್ಟಿಗೆಗಳೇ ಬರತೊಡಗಿದವು. ತೊಂದರೆ ಏನೆಂದರೆ ಬಂದವುಗಳಲ್ಲಿ ಮುಕ್ಕಾಲು ಪಾಲು ಹಳೆಯವು, ಚೀಟಿಯ ಕಾನೂನು ಬರುವ ಎಷ್ಟೋ ವರ್ಷ ಮುಂಚೆ ಕೊಟ್ಟವು. ಎದುರು ಮನೆಯ ಅಜ್ಜಿ ತನ್ನ ಮಾತ್ರೆಗಳನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡು, ಕೊಂಡಿ ಕಿತ್ತುಹೋದ ಪೆಟ್ಟಿಗೆ ಹಿಡಿದು ಬಂದಳು.

"ಅಜ್ಜಿ, ಇದ್ರಲ್ಲಿ ಚೀಟಿ ಇಲ್ಲ. ಇದು ಬೇಕಾಗಲ್ಲ" ಎಂದೆ.

"ಇಲ್ದಿದ್ರೆ ಇಲ್ಲ. ನಿಮ್ಮತ್ತೆ ಮದುವೆ ಆದ ವರ್ಷ ಕೊಟ್ಟಿದ್ದು. ಉಳಿದವುಗಳ ಜೊತೇಲಿ ಇದೂ ಕೂತಿರ್ಲಿ. ನಿಂಗೇನು ಭಾರನಾ?"

ಅತ್ತೆ ಬೇಡ ಅನ್ನಲಿಲ್ಲ. ಅಜ್ಜಿಯ ಪೆಟ್ಟಿಗೆಯ ಮೇಲೆ ಕೈ ಆಡಿಸಿ, "ಇದಿನ್ನೂ ಇಟ್ಕೊಂಡಿದ್ದೀಯಾ?" ಎಂದರು. ಆ ರಾತ್ರಿ ಎರಡು ತುತ್ತು ಹೆಚ್ಚು ಉಂಡರು.

ವಾರ ಮುಗಿಯುವ ಹೊತ್ತಿಗೆ ಪ್ರತಿ ಖಾನೆಗೂ ಪೆಟ್ಟಿಗೆ ಸಿಕ್ಕಿತ್ತು, ಒಂದನ್ನು ಬಿಟ್ಟು. ಬೀರುವಿನ ಅತಿ ಮೇಲಿನ ಖಾನೆ. ಅದರಲ್ಲಿರುವುದು ಉದ್ದನೆಯ, ಕಪ್ಪು ಬಣ್ಣದ, ಇಡೀ ಅಂಗಡಿಯಲ್ಲೇ ದುಬಾರಿಯಾದ ಸಿಗಾರ್. ಅದರ ಪೆಟ್ಟಿಗೆ ಯಾರಿಗೆ ಕೊಟ್ಟೆ ಎಂದು ಅತ್ತೆಗೆ ನೆನಪೇ ಆಗಲಿಲ್ಲ. ಎಂದೂ ಏನನ್ನೂ ಮರೆಯದವರಿಗೆ ಅದೇ ಒಂದು ಕೊರಗಾಯಿತು. "ಕೊಟ್ಟ ನೆನಪೇ ಇಲ್ಲ ಕಣೇ. ಕಟ್ಟೆ ಮೇಲಿಟ್ಟಿದ್ದೆ, ಸಂಜೆ ನೋಡಿದ್ರೆ ಇರ್ಲಿಲ್ಲ. ಯಾರಿಗೋ ಕೊಟ್ಟಿರ್ತೀನಿ ಅಂದ್ಕೊಂಡೆ." ಎಲ್ಲರನ್ನೂ ಕೇಳಿದೆ. ಬೇಕರಿಯವನನ್ನು ಕೇಳಿದೆ, ಅಂಚೆಯವನನ್ನು ಕೇಳಿದೆ, ಶಾಲೆಗೆ ಮತ್ತೊಮ್ಮೆ ಹೋಗಿಬಂದೆ. ಮಾವನೂ ನಮ್ಮೊಡನೆ ಬಹಳ ಹುರುಪಿನಿಂದ ಹುಡುಕಿದರು. ಕಟ್ಟೆಯ ಕೆಳಗೆ ಬಗ್ಗಿ ನೋಡಿದರು, ಮೆಟ್ಟಿಲ ಸಂದಿಯಲ್ಲಿ ದೊಣ್ಣೆ ತೂರಿಸಿದರು. ಮಹಡಿಯ ಕೋಣೆಗಳನ್ನು ಮಾತ್ರ, "ಅಲ್ಲೆಲ್ಲ ನಾನು ನೋಡಿದ್ದೀನಿ, ನೀವು ಹತ್ತಿ ಇಳಿದು ದಣೀಬೇಡಿ" ಎಂದು ತಾವೇ ವಹಿಸಿಕೊಂಡರು.

ಮೇಡಂ ಬರುವ ದಿನ ಬೆಳಿಗ್ಗೆ ಅತ್ತೆ ಸೀರೆ ಉಟ್ಟು, ತಲೆ ಬಾಚಿಕೊಂಡು, ಪೆಟ್ಟಿಗೆಗಳನ್ನು ಸಾಲಾಗಿ ಕಟ್ಟೆಯ ಮೇಲಿಟ್ಟರು. ಹಳೆಯವು ನೆಲದಿಂದ ಮೇಲಕ್ಕೆ ಗೋಪುರವಾಗಿದ್ದವು. ಆಮೇಲೆ ಕೈಕಟ್ಟಿ ಕೂತು ಹೇಳಿದರು.

"ಆಯ್ತು. ಸಿಕ್ಕಿದ್ದು ಸಿಕ್ತು. ಮೇಲಿನ ಖಾನೆ ಒಂದಕ್ಕೆ ನಾನೇ ಹೇಳ್ತೀನಿ, ಅದೊಂದು ಕಳ್ಳಮಾಲು ಅಂತ ಬರ್ಕೊಳ್ಳಿ ಅಂತ. ಲೈಸೆನ್ಸ್ ಹೋದ್ರೆ ಹೋಗ್ಲಿ."

ಇಷ್ಟು ದಿನ ಅವರು ಗಿರಾಕಿಗಳಿಗೆ ಹೇಳುತ್ತಿದ್ದದ್ದು ಅನುಮಾನ ಎಂದು. ಇಂದು ಆ ಅನುಮಾನ ಎಂಬ ಮಾತೂ ಬಿದ್ದುಹೋಗಿತ್ತು. ನಾನು ಮಗುವಿನ ಕುತ್ತಿಗೆಯಲ್ಲಿ ಮುಖ ಹುದುಗಿಸಿದೆ.

ಮೂಲೆಯ ಸ್ಟೂಲಿನಲ್ಲಿದ್ದ ಮಾವ ಎದ್ದರು. ಮೆಟ್ಟಿಲು ಹತ್ತುವ ಸದ್ದು ಕೇಳಿಸಿತು, ಮಂಚ ಎಳೆದ ಸದ್ದು, ಮತ್ತೆ ಇಳಿಯುವ ಸದ್ದು. ಬಂದು ಅತ್ತೆಯ ಮುಂದೆ ಒಂದು ಪೆಟ್ಟಿಗೆ ಇಟ್ಟರು. ಉದ್ದನೆಯ, ಕಪ್ಪು ಬಣ್ಣದ, ಹಿತ್ತಾಳೆಯ ಕೊಂಡಿ ಫಳಫಳ ಹೊಳೆಯುವ ಪೆಟ್ಟಿಗೆ. ಮುಚ್ಚಳದ ಅಂಚಿಗೆ ಸುಂಕದ ಚೀಟಿ, ಅತ್ತೆ ಆಡಿಸಿದ ಚಾಕುವಿನ ಗೆರೆಯ ಸಮೇತ.

ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರಲ್ಲ, ನಾನು ಅಕ್ಷರಶಃ ಹಾಗೇ ಹುಡುಕಿದ್ದೆ, ಕಂಕುಳಲ್ಲಿ ಕೂಸೂ ಇತ್ತು.

"ಎಲ್ಲಿತ್ತು ಇದು?" ಎಂದರು ಅತ್ತೆ.

"ಮಂಚದ ಕೆಳಗೆ."

"ಯಾರ ಮಂಚದ ಕೆಳಗೆ?"

"ನಮ್ಮ ಮಂಚದ ಕೆಳಗೆ. ನನ್ನ ಕಡೆ" ಎಂದು ಮಾವ ನೆಲ ನೋಡಿದರು.

ಇಲ್ಲಿ ಒಂದು ಮಾತು ಹೇಳಬೇಕು. ಎರಡು ವರ್ಷದ ಹಿಂದೆ ಮಾವನ ಎದೆಯಲ್ಲಿ ನೋವು ಕಾಣಿಸಿಕೊಂಡು, ಇನ್ನು ಒಂದು ದಮ್ಮು ಎಳೆದರೆ ನನ್ನ ಹತ್ತಿರ ಬರಬೇಡಿ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಬಂದರಿನ ಕಡೆ ಹೋಗಿ ಸೇದುವ ಜೀವಮಾನದ ಅಭ್ಯಾಸವನ್ನು ಮಾವ ಅಂದೇ ಬಿಟ್ಟರು. ಬಿಟ್ಟಿದ್ದಾರೆ ಎಂದು ನಾವು ನಂಬಿದ್ದೆವು. ಈಗ ಮಂಚದ ಕೆಳಗಿನಿಂದ ಪೆಟ್ಟಿಗೆ ಬಂದಿದೆ. ಅತ್ತೆಯ ಮುಖದಿಂದ ಅಂಗಡಿಯ ಚಿಂತೆ ಇಳಿದುಹೋಗಿ ಅದಕ್ಕಿಂತ ದೊಡ್ಡದೊಂದು ಬಂದು ಕೂತದ್ದನ್ನು ಕಂಡೆ. ಅವರೇ ಕೊಂಡಿ ಬಿಚ್ಚಿ ಮುಚ್ಚಳ ತೆಗೆದರು.

ಒಳಗೆ ಏನೂ ಇರಲಿಲ್ಲ. ಸಿಗಾರಿಲ್ಲ, ತುಂಡಿಲ್ಲ, ಚಿಟಿಕೆ ಬೂದಿಯಿಲ್ಲ. ಬರೀ ವಾಸನೆ.

"ಸೇದಿಲ್ಲ ಕಣೇ" ಎಂದರು ಮಾವ. "ನಿನ್ನಾಣೆ. ಮಲಗೋ ಮುಂಚೆ ಒಂದ್ಸಲ ಮುಚ್ಚಳ ತೆಗೆದು ಮೂಸ್ತೀನಿ. ಅಷ್ಟೇ. ಹಡಗು, ಬಂದರು ಎಲ್ಲ ನೆನಪಾಗುತ್ತೆ. ಆಮೇಲೆ ನಿದ್ದೆ ಬರುತ್ತೆ. ನೀನು ಬೈತೀಯ ಅಂತ ಹೇಳ್ಲಿಲ್ಲ. ಒಂದಿನ ಹೇಳ್ಲಿಲ್ಲ, ಆಮೇಲೆ ಹೇಳೋಕೇ ಆಗ್ಲಿಲ್ಲ." ಸ್ವಲ್ಪ ಧೈರ್ಯ ಬಂದ ಮೇಲೆ ಸೇರಿಸಿದರು, "ವಾಸನೆಗೂ ಸುಂಕ ಇದೆಯಾ?"

"ಇದೆ" ಎಂದರು ಅತ್ತೆ. ಅಷ್ಟು ಹೇಳಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಳುತ್ತಿದ್ದಾರೆ ಎಂದು ನಾನು ಹತ್ತಿರ ಹೋದರೆ, ನಗು. ಭುಜ ಕುಲುಕಿ ಕುಲುಕಿ, ಕಣ್ಣಲ್ಲಿ ನೀರು ಬರುವಷ್ಟು ನಗು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ತಾರೆ ಅಂತಿದ್ರು. ಇವರು ಮೆಟ್ಟಿಲ ಸಂದಿಗೆ ದೊಣ್ಣೆ ತೂರಿಸಿ ನೋಡಿದ್ರು ಕಣೇ! ಒಂದು ವಾರ ನನ್ನ ಹೊಟ್ಟೆ ಉರಿಸಿ, ಮೇಲೆ ಮಲ್ಕೊಂಡು ವಾಸನೆ ನೋಡ್ತಿದ್ರು!"

"ಸೀಲ್ ಹಾಕಿದ್ಮೇಲೆ ಒಂದಿನಾನೂ ತೆಗೆದಿಲ್ಲ" ಎಂದು ಮಾವ ಗಂಭೀರವಾಗಿ ಹೇಳಿದರು. "ಅಷ್ಟು ನೀತಿ ನನಗೂ ಇದೆ."

ಮೇಡಂ ಬಂದಾಗ ನಗುವಿನ ಕೊನೆ ಇನ್ನೂ ಅಂಗಡಿಯಲ್ಲೇ ಇತ್ತು. ಅವರ ನೆಗಡಿ ವಾಸಿಯಾಗಿತ್ತು. ಒಳಗೆ ಕಾಲಿಟ್ಟವರು ನಿಂತು, ಉಸಿರೆಳೆದುಕೊಂಡು, "ಓಹ್, ಇಷ್ಟು ವಾಸನೆ ಇದೆಯಾ ಇಲ್ಲಿ!" ಎಂದರು. ಒಂದೊಂದೇ ಪೆಟ್ಟಿಗೆ ಎತ್ತಿ, ಚೀಟಿಯ ನಂಬರನ್ನು ಸಗಟು ವ್ಯಾಪಾರಿಯ ಬಿಲ್ಲಿನೊಂದಿಗೆ ತಾಳೆ ಹಾಕಿದರು. ಆಮೇಲೆ ಸೀಲು ಕಿತ್ತು, ಖಾನೆ ಎಳೆದು, ಸಿಗಾರಿನ ನಡುವಿಗೆ ಸುತ್ತಿದ ಕಾಗದದ ಉಂಗುರವನ್ನು ಪೆಟ್ಟಿಗೆಯ ಮೇಲಿನ ಗುರುತಿನ ಪಕ್ಕದಲ್ಲಿಟ್ಟು ನೋಡಿದರು. ಹೊಲಿಗೆಯಾಕೆಯ ಪೆಟ್ಟಿಗೆಯಿಂದ ಗುಂಡಿಯೊಂದು ಉರುಳಿ ಬಿತ್ತು. ಎತ್ತಿ ಕಟ್ಟೆಯ ಮೇಲಿಟ್ಟರು. ನಕ್ಷತ್ರ ಅಂಟಿಸಿದ್ದ ಪೆಟ್ಟಿಗೆ ಬಂದಾಗ ಹುಬ್ಬು ಗಂಟಿಕ್ಕಿ, "ಎಚ್ಚರಿಕೆ ಚಿತ್ರ ಮುಚ್ಚೋಹಾಗಿಲ್ಲ ಅಮ್ಮ" ಎಂದು ತಾವೇ ಉಗುರಿನಿಂದ ನಕ್ಷತ್ರ ಬಿಡಿಸಿದರು. ಬಿಡಿಸಿದ ನಕ್ಷತ್ರವನ್ನು ಪುಟ್ಟಿಯ ಅಂಗೈಗೆ ಅಂಟಿಸಿದರು.

ಮೇಲಿನ ಖಾನೆಯ ಪೆಟ್ಟಿಗೆ ಕೈಗೆ ಬಂದಾಗ ತಿರುಗಿಸಿ ತಿರುಗಿಸಿ ನೋಡಿದರು. "ಇದೊಂದು ಯಾಕಿಷ್ಟು ಹೊಸದಾಗಿದೆ? ಇದ್ರಲ್ಲಿ ಯಾರೂ ಏನೂ ಇಟ್ಟಿರ್ಲಿಲ್ವಾ?"

"ಇಟ್ಟಿದ್ರು" ಎಂದರು ಅತ್ತೆ. "ತೂಕಕ್ಕೆ ಸಿಕ್ಕಲ್ಲ."

ಮೇಡಂಗೆ ಅರ್ಥವಾಗಲಿಲ್ಲ, ಕೇಳಲೂ ಇಲ್ಲ. ಗೋಪುರದ ಕಡೆ ಬೆರಳು ಮಾಡಿ, "ಇವೆಲ್ಲ? ಇವಕ್ಕೆ ಚೀಟಿ ಇಲ್ವಲ್ಲ" ಎಂದರು.

"ಅವು ಸಾಕ್ಷಿಗಳು" ಎಂದರು ಮಾವ. "ಮಾತಾಡಲ್ಲ. ಬಂದು ನಿಂತಿದ್ದಾವೆ."

ಮೇಡಂ ಮೊದಲ ಸಲ ನಕ್ಕರು. ಸಹಿ ಹಾಕಿ ಲೈಸೆನ್ಸನ್ನು ಅತ್ತೆಯ ಕೈಗೆ ಕೊಟ್ಟರು. ಹೊರಡುವಾಗ ಗೋಡೆಯ ಮೇಲಿನ ಚೌಕಟ್ಟಿನ ಮುಂದೆ ನಿಂತು, ಮಾಸಿದ ಅಕ್ಷರಗಳನ್ನು ಓದಲು ನೋಡಿದರು. "ಇದು ನಮ್ಮ ಕಚೇರೀದೇ ರಸೀದಿ! ಯಾವ ಮಾಲಿಂದು ಇದು?"

"ನಂದು" ಎಂದರು ಮಾವ. "ಸುಂಕ ಕಟ್ಟಿ ಒಳಗೆ ಬಂದ ಮಾಲು ನಾನು. ಬೇಕಾದ್ರೆ ಪರೀಕ್ಷೆ ಮಾಡಿ."

ಮೇಡಂ ಅಂಗಡಿಯ ಮೆಟ್ಟಿಲಿಳಿದು ಹೋದ ಮೇಲೆ ಅತ್ತೆ ಮಾಡಿದ ಮೊದಲ ಕೆಲಸ, ಬೀರುವಿನ ತಳದ ಬಟ್ಟಲನ್ನು ನೋಡಿದ್ದು. ನೀರು ತಳಕ್ಕಿಳಿದಿತ್ತು, ಪೂರ್ತಿ ಆರಿರಲಿಲ್ಲ. ಒಂದು ಸಿಗಾರನ್ನು ಬೆರಳಿನಿಂದ ಒತ್ತಿ ನೋಡಿ, "ಬದುಕಿವೆ" ಎಂದರು. ಎರಡನೆಯ ಕೆಲಸ, ನನ್ನ ಕಡೆ ತಿರುಗಿ, "ಏನಾದ್ರೂ ತಿನ್ನೋಕೆ ಇದೆಯೇನೇ?" ಎಂದು ಕೇಳಿದ್ದು. ನಾನು ಮೆಟ್ಟಿಲನ್ನು ಎರಡೆರಡಾಗಿ ಹತ್ತಿದೆ.

ಈಗ ಹೊಸ ಪದ್ಧತಿ. ಸಿಗಾರ್ ಹಿಂದಿನಂತೆ ಖಾನೆಯಲ್ಲೇ ಮಲಗುತ್ತದೆ, ಅದರಲ್ಲಿ ಅತ್ತೆ ಬದಲಾಗುವುದಿಲ್ಲ. ಪ್ರತಿ ಖಾನೆಯ ಹಿಂದೆ ಅದರ ಪೆಟ್ಟಿಗೆ ನಿಂತಿರುತ್ತದೆ. ಕೊನೆಯ ಸಿಗಾರ್ ಮಾರಿದ ದಿನ ಚೀಟಿಯ ಮೇಲೆ ಅಡ್ಡಗೆರೆ ಎಳೆದು ಪೆಟ್ಟಿಗೆಯನ್ನು ಕಡ ಕೊಟ್ಟವರಿಗೆ ಹಿಂದಿರುಗಿಸಬೇಕು. ಹಳೆಯ ಪೆಟ್ಟಿಗೆಗಳೆಲ್ಲ ಅಂದೇ ಸಂಜೆ ಮನೆ ಸೇರಿದವು. ಅಜ್ಜಿಯ ಪೆಟ್ಟಿಗೆಗೆ ಮಾವ ಹೊಸ ಕೊಂಡಿ ಹಾಕಿಕೊಟ್ಟರು. ಕ್ಷೌರಿಕನ ಕತ್ತಿಗಳು ಮಾತ್ರ ಇನ್ನೂ ಬಿಸ್ಕತ್ತಿನ ಡಬ್ಬಿಯಲ್ಲಿವೆ. ದಿನಕ್ಕೊಮ್ಮೆ ಇಣುಕಿ, "ನನ್ನ ಖಾನೆ ಖಾಲಿ ಆಯ್ತಾ?" ಎಂದು ಕೇಳುತ್ತಾನೆ. ನಿನ್ನೆ ತನ್ನ ಗಿರಾಕಿಯೊಬ್ಬನನ್ನು ಇಲ್ಲಿಗೆ ಕರೆತಂದು, "ಇದನ್ನೇ ತಗೊಳ್ಳಿ ಸಾರ್, ಭಾರಿ ಚೆನ್ನಾಗಿದೆ" ಎಂದು ಶುರು ಮಾಡಿದ. ಅತ್ತೆ ಅವನನ್ನು ಬಾಗಿಲಿಗೆ ಅಟ್ಟಿದರು. "ನನ್ನ ಅಂಗಡೀಲಿ ಯಾರೂ ಯಾರಿಗೂ ಸೇದು ಅಂತ ಹೇಳೋಹಾಗಿಲ್ಲ. ಕಾನೂನು ಬಿಡಲ್ಲ, ನಾನೂ ಬಿಡಲ್ಲ. ಇನ್ನೊಂದ್ಸಲ ಹೇಳಿದ್ರೆ ನಿನ್ನ ಪೆಟ್ಟಿಗೇನ ಶಾಲೆಗೆ ಕೊಟ್ಟುಬಿಡ್ತೀನಿ!"

ಮೇಲಿನ ಖಾನೆಯ ಹಿಂದಿನ ಪೆಟ್ಟಿಗೆ ಮಾವನಿಗೆ ಇನ್ನು ಮಂಚದ ಕೆಳಗೆ ಸಿಗುವುದಿಲ್ಲ. ಆದರೆ ಸಂಜೆ ಬಾಗಿಲು ಹಾಕುವ ಮುಂಚೆ ಅತ್ತೆ ಅದನ್ನು ಇಳಿಸಿ, ಮುಚ್ಚಳ ತೆಗೆದು, ಸ್ಟೂಲಿನ ಮೇಲೆ ಕೂತ ಮಾವನ ಮೂಗಿನ ಮುಂದೆ ಹಿಡಿಯುತ್ತಾರೆ. "ಹ್ಞೂಂ, ಸಾಕು" ಎಂದು ತಾವೇ ಮುಚ್ಚುತ್ತಾರೆ. ಸುಂಕವಾಗಿ ಮಾವ ಅಂಗಡಿ ಗುಡಿಸಬೇಕು.

ಗುಡಿಸುವ ಸದ್ದು ಶುರುವಾಯಿತು. ಪು‌ಟ್ಟಿ ಮಗ್ಗುಲು ಬದಲಿಸಿದಳು. ಅವಳ ಕಾಲುಚೀಲಗಳೂ ಈಗ ತಲೆದಿಂಬಿನ ಕೆಳಗಿವೆ, ಅವಳ ಪೆಟ್ಟಿಗೆಯೂ ಕೆಳಗೆ ಒಂದು ಖಾನೆಯ ಹಿಂದೆ ಕಡ ನಿಂತಿದೆ. ಒಂದೊಂದು ಕಾಲುಚೀಲ ಹುಡುಕಲು ಬೆಳಿಗ್ಗೆ ಅರ್ಧ ಹಾಸಿಗೆ ಕೊಡವಬೇಕು. ಆಗಲಿ. ಆ ಖಾನೆಯ ಸಿಗಾರ್ ನಿಧಾನವಾಗಿ ಮಾರಾಟವಾಗುವಂಥದು ಎಂದು ಅತ್ತೆ ಹೇಳಿದ್ದಾರೆ.